ಕೇಳುಗರು ಬೀದಿಗಿಳಿದ ರೇಡಿಯೋ: ಬರ್ಕ್ಲಿಯ ಆ 23 ದಿನ

1999ರ ಜುಲೈ 13, ಮಂಗಳವಾರ ಸಂಜೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನಲ್ಲಿ ಕೆಪಿಎಫ್‌ಎ ರೇಡಿಯೋ ಹಾಕಿಕೊಂಡು ಸುದ್ದಿ ಕೇಳುತ್ತಿದ್ದವರಿಗೆ, ಓದುವವರ ದನಿಯ ಹಿಂದೆ ಏನೋ ಗಲಾಟೆ ಕೇಳಿಸಿತು. ಯಾರೋ ಕೂಗುತ್ತಿದ್ದರು. ಯಾರೋ ಯಾರನ್ನೋ ಎಳೆಯುತ್ತಿದ್ದರು. ಕೂಗುತ್ತಿದ್ದವರು ಡೆನಿಸ್ ಬರ್ನ್‌ಸ್ಟೀನ್. ಸ್ವಲ್ಪ ಹೊತ್ತಿನ ಹಿಂದಷ್ಟೇ ಅದೇ ನಿಲಯದಲ್ಲಿ 'ಫ್ಲ್ಯಾಶ್‌ಪಾಯಿಂಟ್ಸ್' ಅನ್ನುವ ತಮ್ಮ ಕಾರ್ಯಕ್ರಮ ಮುಗಿಸಿದ್ದವರು. ಕಾವಲಿನವರು ಅವರನ್ನು ಕಟ್ಟಡದಿಂದ ಹೊರಗೆ ಹಾಕಲು ಬಂದಿದ್ದರು. ಅವರು ಸುದ್ದಿಮನೆ ಕಡೆಗೆ ಓಡಿದ್ದರು. ಸುದ್ದಿ ಓದುತ್ತಿದ್ದ ಮಾರ್ಕ್ ಮೆರಿಕಲ್ ಕೈಲಿದ್ದ ಹಾಳೆ ಬಿಟ್ಟು, ಪಕ್ಕದಲ್ಲಿ ಏನಾಗುತ್ತಿದೆ ಅಂತ ಕೇಳುಗರಿಗೆ ಹೇಳತೊಡಗಿದರು. ಆಮೇಲೆ ಪ್ರಸಾರ ಕಡಿದುಹೋಯಿತು. ಅದರ ಜಾಗದಲ್ಲಿ ಯಾವುದೋ ಹಳೆಯ ಟೇಪ್ ಓಡಿತು.

ಕೇಳುತ್ತಿದ್ದವರು ಏನು ಮಾಡಿದರು? ಎದ್ದು ಚಪ್ಪಲಿ ಮೆಟ್ಟಿಕೊಂಡು ನಿಲಯದ ಕಡೆ ಹೊರಟರು. ರಾತ್ರಿಯಾಗುವಷ್ಟರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ವೇ ಅನ್ನುವ ಆ ಬೀದಿ ತುಂಬ ಜನ. ಪೊಲೀಸರು 50ಕ್ಕೂ ಹೆಚ್ಚು ಜನರನ್ನು ಹಿಡಿದುಕೊಂಡು ಹೋದರು. ನಿಲಯದ ಬಾಗಿಲಿಗೆ ಬೀಗ ಬಿತ್ತು. ಮುಂದಿನ 23 ದಿನ ಕೆಲಸಗಾರರು ಹೊರಗೆ, ಟೇಪು ಒಳಗೆ.

ಯುದ್ಧ, ಚುನಾವಣೆ, ಬೀದಿ ಹೋರಾಟಗಳ ಬಗ್ಗೆ ಐವತ್ತು ವರ್ಷ ಮಾತಾಡಿದ್ದ ಎಡಪಂಥದ ರೇಡಿಯೋ ಒಂದು ತಾನೇ ಹೋರಾಟದ ಜಾಗ ಆಗಿಬಿಟ್ಟ ಕಥೆ ಇದು. ನಾನು ಇದನ್ನು ಬಿಡಿಸಿ ಹೇಳಲು ಕಾರಣ ಇದೆ. ಬೀಗ ಹಾಕಿದವರೂ ಎಡದವರೇ, ಬೀಗದ ಮುಂದೆ ಕೂತವರೂ ಎಡದವರೇ. ಅದಕ್ಕೇ ಇಲ್ಲಿಂದ ಕಲಿಯುವುದು ಜಾಸ್ತಿ ಇದೆ.

ಮೊದಲು ಹಿನ್ನೆಲೆ

ಲೂಯಿಸ್ ಹಿಲ್ ಅಂತ ಒಬ್ಬರಿದ್ದರು. ಎರಡನೇ ಮಹಾಯುದ್ಧದಲ್ಲಿ 'ನಾನು ಬಂದೂಕು ಹಿಡಿಯುವುದಿಲ್ಲ' ಅಂತ ನಿಂತವರು. ಅಂಥವರಿಗಾಗಿ ಸರ್ಕಾರ ಮಾಡಿದ್ದ ಶಿಬಿರದಲ್ಲಿ ದಿನ ಕಳೆದವರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಗೆಳೆಯರ ಜೊತೆ ಸೇರಿ ಪೆಸಿಫಿಕಾ ಫೌಂಡೇಷನ್ ಕಟ್ಟಿದರು. 1949ರ ಏಪ್ರಿಲ್ 15ಕ್ಕೆ ಅದರ ಮೊದಲ ನಿಲಯವಾಗಿ ಕೆಪಿಎಫ್‌ಎ ಶುರುವಾಯಿತು. ಆಗ ಎಫ್‌ಎಂ ಹಿಡಿಯುವ ರೇಡಿಯೋ ಇದ್ದ ಮನೆಗಳೇ ಕಡಿಮೆ.

ಅವರ ಯೋಚನೆ ಸರಳ. ಜಾಹೀರಾತು ಬೇಡ, ಸರ್ಕಾರದ ಹಿಡಿತ ಬೇಡ. ಕೇಳುವವರೇ ದುಡ್ಡು ಕೊಡಲಿ. ಎಲ್ಲರೂ ಕೊಡಬೇಕು ಅಂತಿಲ್ಲ, ನೂರು ಜನ ಕೇಳುಗರಲ್ಲಿ ಇಬ್ಬರು ಕೊಟ್ಟರೂ ನಿಲಯ ನಡೆಯುತ್ತದೆ ಅನ್ನುವುದು ಹಿಲ್ ಲೆಕ್ಕ. ಈಗ ನಮಗೆ ಇದು ಮಾಮೂಲಿ ಅನ್ನಿಸಬಹುದು. ಆಗ ಅಮೆರಿಕದಲ್ಲಿ ಹೀಗೆ ನಡೆಯುವ ರೇಡಿಯೋ ಇರಲಿಲ್ಲ. ಒಂದೂಕಾಲು ವರ್ಷದಲ್ಲಿ ದುಡ್ಡು ಮುಗಿದು ಕೆಪಿಎಫ್‌ಎ ನಿಂತೇ ಹೋಯಿತು. 1950ರ ಆಗಸ್ಟ್‌ನಲ್ಲಿ ನಿಂತದ್ದನ್ನು ಮುಂದಿನ ವರ್ಷ ಮತ್ತೆ ಎಬ್ಬಿಸಿದ್ದು ಕೇಳುಗರೇ, ವಂತಿಗೆ ಎತ್ತಿ.

ಈ ಮಾತು ನೆನಪಿರಲಿ. ನಿಲಯ ತಮ್ಮದು ಅಂತ ಕೇಳುಗರಿಗೆ ಯಾಕೆ ಅನ್ನಿಸಿತು ಅನ್ನುವುದರ ಬೇರು ಇಲ್ಲಿದೆ.

ಆಮೇಲೆ ಪೆಸಿಫಿಕಾ ಬೆಳೆಯಿತು. 1959ರಲ್ಲಿ ಲಾಸ್ ಏಂಜಲೀಸ್, 1960ರಲ್ಲಿ ನ್ಯೂಯಾರ್ಕ್‌ನ ಡಬ್ಲ್ಯುಬಿಎಐ, 1970ರಲ್ಲಿ ಹ್ಯೂಸ್ಟನ್, 1977ರಲ್ಲಿ ವಾಷಿಂಗ್ಟನ್. ಏಟು ತಿಂದದ್ದೂ ಅಷ್ಟೇ. ಅರವತ್ತರ ದಶಕದ ಶುರುವಿನಲ್ಲಿ 'ಇವರು ಕಮ್ಯುನಿಸ್ಟರು' ಅಂತ ಸೆನೆಟ್ ಸಮಿತಿ ವಿಚಾರಣೆ ಮಾಡಿತು, ಪರವಾನಗಿ ನವೀಕರಣ 1964ರವರೆಗೆ ಎಳೆಯಿತು. ಹ್ಯೂಸ್ಟನ್ ನಿಲಯದ ಟ್ರಾನ್ಸ್‌ಮಿಟರ್‌ಗೆ 1970ರಲ್ಲಿ, ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಬಾಂಬ್ ಇಟ್ಟರು. ಒಂದು ಸಲ ಅಲ್ಲ, ಎರಡು ಸಲ. ಎರಡನೇ ಸಲ ಸ್ಫೋಟ ಆದಾಗ ಸೈನ್ಯದ ಭರ್ತಿಯನ್ನು ಗೇಲಿ ಮಾಡುವ ಒಂದು ಉದ್ದದ ಹಾಡು ಪ್ರಸಾರವಾಗುತ್ತಿತ್ತು. ಹಾಡು ಅರ್ಧಕ್ಕೇ ನಿಂತಿತು. 1971ರ ಜನವರಿಯಲ್ಲಿ ನಿಲಯ ಮತ್ತೆ ಶುರುವಾದಾಗ ಆ ಹಾಡುಗಾರರೇ ಸ್ಟುಡಿಯೋಗೆ ಬಂದು ಹಾಡಿದರು. ಇಂಥ ನೆನಪುಗಳೇ ಈ ರೇಡಿಯೋದವರಿಗೆ ಆಸ್ತಿ.

ಆದರೆ ಇನ್ನೊಂದು ನೆನಪೂ ಇದೆ, ಅದನ್ನು ಕಡಿಮೆ ಜನ ಹೇಳುತ್ತಾರೆ. 1965ರಲ್ಲಿ ಡಬ್ಲ್ಯುಬಿಎಐನ ಕ್ರಿಸ್ ಕೋಚ್ ಉತ್ತರ ವಿಯೆಟ್ನಾಂಗೆ ಹೋಗಿ ಬಂದರು. ಯುದ್ಧ ಆಗಷ್ಟೇ ಜೋರಾಗುತ್ತಿದ್ದ ಕಾಲ, ಅಮೆರಿಕದ ವರದಿಗಾರರು ಆ ಕಡೆ ಕಾಲಿಡದ ಕಾಲ. ಅವರು ತಂದ ವರದಿಯನ್ನು ತಿದ್ದಬೇಕು ಅಂತ ಪೆಸಿಫಿಕಾದ ಮೇಲಿನವರೇ ಪಟ್ಟು ಹಿಡಿದರು. ಕೋಚ್ ಕೆಲಸ ಬಿಟ್ಟರು, ಅವರ ಜೊತೆ ಇನ್ನೂ ಕೆಲವರು ಬಿಟ್ಟರು. ಹೊರಗಿನ ಬಾಂಬಿಗೆ ಹೆದರದ ಸಂಸ್ಥೆಗೆ ಒಳಗಿನ ಮಾತಿನ ಭಯ ಅಷ್ಟು ಹಳೆಯದು.

ಜಗಳ ಶುರುವಾದದ್ದು

ತೊಂಬತ್ತರ ದಶಕದ ಹೊತ್ತಿಗೆ ಪೆಸಿಫಿಕಾದ ರಾಷ್ಟ್ರೀಯ ಮಂಡಳಿಗೆ ಒಂದು ಚಿಂತೆ ಹತ್ತಿತ್ತು. ನಿಲಯಗಳ ಪರವಾನಗಿ ದೊಡ್ಡ ನಗರಗಳದ್ದು, ಸಿಗ್ನಲ್ ದೊಡ್ಡದು. ಕೆಪಿಎಫ್‌ಎದ್ದು 59,000 ವಾಟ್. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸುತ್ತ ಕಾರು ಓಡಿಸುವ ನಮ್ಮ ಕನ್ನಡಿಗರೂ ರೇಡಿಯೋ ತಿರುಗಿಸಿದರೆ 94.1ರಲ್ಲಿ ಸಿಗುತ್ತದೆ. ಆದರೆ ಕೇಳುಗರು ಮಾತ್ರ ಕಡಿಮೆ. ಇದ್ದವರೂ ಬಹುಪಾಲು ಬಿಳಿಯರು, ವಯಸ್ಸಾದವರು. ಇಷ್ಟು ದೊಡ್ಡ ದನಿಯನ್ನು ಇಷ್ಟು ಕಡಿಮೆ ಜನಕ್ಕೆ ಇಟ್ಟುಕೊಳ್ಳುವುದು ಸರಿಯಾ?

ಈ ಪ್ರಶ್ನೆ ಎತ್ತಿದವರು ಆಗ ಮಂಡಳಿಯ ಅಧ್ಯಕ್ಷೆಯಾಗಿದ್ದ ಮೇರಿ ಫ್ರಾನ್ಸಿಸ್ ಬೆರಿ. ಇವರನ್ನು ಖಳನಾಯಕಿ ಮಾಡಿ ಕಥೆ ಮುಗಿಸುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಇತಿಹಾಸದ ಪ್ರಾಧ್ಯಾಪಕಿ, ಕಪ್ಪು ಮಹಿಳೆ, ಆಗ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗಕ್ಕೂ ಅಧ್ಯಕ್ಷೆ. 1984ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ವಾಷಿಂಗ್ಟನ್‌ನ ಆ ದೇಶದ ರಾಯಭಾರ ಕಚೇರಿಯೊಳಗೆ ಕೂತು, 'ಏಳುವುದಿಲ್ಲ' ಅಂದು ಬಂಧನಕ್ಕೆ ಒಳಗಾದ ಮೂವರಲ್ಲಿ ಅವರೂ ಒಬ್ಬರು. ಅಂಥವರು ಕೇಳಿದ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕೇಳುಗರ ಬಳಗ ಹಿಗ್ಗಬೇಕು ಅನ್ನುವುದರಲ್ಲಿ ತಪ್ಪೇನಿದೆ?

ತಪ್ಪಾದದ್ದು ದಾರಿ. 1999ರ ಫೆಬ್ರವರಿಯಲ್ಲಿ ಮಂಡಳಿ ತನ್ನ ನಿಯಮ ಬದಲಿಸಿತು. ಅಲ್ಲಿಯವರೆಗೆ ಒಂದೊಂದು ನಿಲಯದ ಸ್ಥಳೀಯ ಸಲಹಾ ಮಂಡಳಿಯವರೂ ರಾಷ್ಟ್ರೀಯ ಮಂಡಳಿಯಲ್ಲಿ ಇರುತ್ತಿದ್ದರು. ಇನ್ನು ಮುಂದೆ ಮಂಡಳಿಯೇ ತನ್ನ ಸದಸ್ಯರನ್ನು ಆರಿಸಿಕೊಳ್ಳುತ್ತದೆ ಅಂತಾಯಿತು. ಸರ್ಕಾರಿ ಅನುದಾನದ ನಿಯಮ ಹಾಗೆ ಹೇಳುತ್ತದೆ ಅನ್ನುವುದು ಅವರು ಕೊಟ್ಟ ಕಾರಣ. ಮಾರ್ಚ್ 31ಕ್ಕೆ ಕೆಪಿಎಫ್‌ಎ ಮ್ಯಾನೇಜರ್ ನಿಕೋಲ್ ಸವಾಯಾ ಅವರ ಒಪ್ಪಂದ ಮುಂದುವರಿಸಲಿಲ್ಲ. ಕೆಲಸಗಾರರಿಗೆ ಅವರು ಅಂದರೆ ಇಷ್ಟ. ಯಾಕೆ ತೆಗೆದಿರಿ ಅಂದರೆ ಸರಿಯಾದ ಉತ್ತರ ಇಲ್ಲ.

ಇನ್ನೊಂದು ಕಡೆ ನೋಡಿ. ಅದಕ್ಕೆ ಒಂದು ವಾರ ಮೊದಲು, ಮಾರ್ಚ್ 24ಕ್ಕೆ, ನೇಟೋ ವಿಮಾನಗಳು ಯುಗೊಸ್ಲಾವಿಯಾ ಮೇಲೆ ಬಾಂಬ್ ಹಾಕಲು ಶುರು ಮಾಡಿದ್ದವು. ಕೊಸೊವೊ ಯುದ್ಧ. ದೊಡ್ಡ ಚಾನೆಲ್‌ಗಳಲ್ಲೆಲ್ಲ ನಿವೃತ್ತ ಸೇನಾಧಿಕಾರಿಗಳು ಕೂತು ನಕ್ಷೆ ತೋರಿಸುತ್ತಿದ್ದ ದಿನಗಳು. ಯುದ್ಧ ಬೇಡ ಅನ್ನುವವರ ಮಾತು ಕೇಳಬೇಕು ಅಂದರೆ ಇಂಥ ರೇಡಿಯೋಗೇ ಬರಬೇಕು. ಅದೇ ಹೊತ್ತಿಗೆ ಈ ಮನೆಗೆ ಬೆಂಕಿ.

ಇಲ್ಲಿ ಬಂತು ನೋಡಿ ಆ ನಿಯಮ. ಪೆಸಿಫಿಕಾದಲ್ಲಿ ಹಿಂದಿನಿಂದ ಒಂದು ಕಟ್ಟಳೆ ಇತ್ತು: ಮನೆಯ ಕೊಳೆ ಬಟ್ಟೆಯನ್ನು ಬೀದಿಯಲ್ಲಿ ಒಗೆಯಬೇಡಿ. ಅಂದರೆ ನಿಲಯದ ಒಳಗಿನ ಜಗಳವನ್ನು ಮೈಕ್ ಮುಂದೆ ಆಡಬೇಡಿ. ಶಾಂತಿಯ ದಿನಗಳಲ್ಲಿ ಇದು ಒಳ್ಳೆಯ ನಿಯಮವೇ. ಯಾರಿಗೆ ಬೇಕು ಕಚೇರಿ ಪುರಾಣ? ಆದರೆ ಸವಾಯಾ ಹೋದ ಮೇಲೆ ಕೇಳುಗರ ಫೋನ್ ನಿಲ್ಲಲಿಲ್ಲ. ಏನಾಗ್ತಾ ಇದೆ ಅಲ್ಲಿ, ಅಂತ. ನಿಲಯದ ಪ್ರಸಾರಕ ಲ್ಯಾರಿ ಬೆನ್‌ಸ್ಕಿ ಇದರ ಬಗ್ಗೆ ಮೈಕ್ ಮುಂದೆ ಮಾತಾಡಿದರು. ಅಮೆರಿಕ ಸರ್ಕಾರದವರು ಇರಾನ್‌ಗೆ ಗುಟ್ಟಾಗಿ ಆಯುಧ ಮಾರಿ ಆ ದುಡ್ಡನ್ನು ನಿಕರಾಗುವಾದ ಬಂಡುಕೋರರಿಗೆ ಕೊಟ್ಟ ಇರಾನ್-ಕಾಂಟ್ರಾ ಹಗರಣದ ವಿಚಾರಣೆಯನ್ನು 1987ರಲ್ಲಿ ದಿನಗಟ್ಟಲೆ ನೇರವಾಗಿ ಕೇಳುಗರಿಗೆ ಮುಟ್ಟಿಸಿದವರು ಅವರು. ಅವರನ್ನು ಏಪ್ರಿಲ್‌ನಲ್ಲಿ ಕೆಲಸದಿಂದ ತೆಗೆದರು. ಆಮೇಲೆ ಭಾನುವಾರ ಬೆಳಗ್ಗೆ ಜನಪದ ಸಂಗೀತದ ಕಾರ್ಯಕ್ರಮ ಮಾಡುತ್ತಿದ್ದ ರಾಬಿ ಓಸ್ಮನ್ ಅವರನ್ನೂ ತೆಗೆದರು. ಏಪ್ರಿಲ್ 15ಕ್ಕೆ ನಿಲಯಕ್ಕೆ ಐವತ್ತು ತುಂಬಿತು. ಹಬ್ಬದ ದಿನ ಮನೆಯಲ್ಲಿ ಸೂತಕದ ಮುಖ.

ನನ್ನ ಪ್ರಕಾರ ಈ ಪ್ರಕರಣದ ನಡುಗಂಟು ಇದೇ. ಸವಾಯಾ ಅವರನ್ನು ತೆಗೆದದ್ದು ಒಂದು ತಪ್ಪು, ತಿದ್ದಬಹುದಾಗಿತ್ತು. ಆದರೆ ಅದರ ಬಗ್ಗೆ ಮಾತಾಡಬೇಡಿ ಅಂದದ್ದು ಬೇರೆ ಜಾತಿಯ ತಪ್ಪು. ಪೆಂಟಗನ್ ಏನು ಮುಚ್ಚಿಡುತ್ತಿದೆ ಅಂತ ದಿನಾ ಕೇಳುವ ದನಿ, ತನ್ನ ಮನೆಯಲ್ಲಿ ಏನು ಮುಚ್ಚಿಟ್ಟಿದ್ದಾರೆ ಅಂತ ಕೇಳುವ ಹಾಗಿಲ್ಲ ಅಂದರೆ, ಕೇಳುಗ ಯಾವುದನ್ನು ನಂಬಬೇಕು? ಒಮ್ಮೆ ಆ ಸಂಶಯ ಹೊಕ್ಕಿತು ಅಂದರೆ ಯುಗೊಸ್ಲಾವಿಯಾ ಬಗ್ಗೆ ಹೇಳುವುದೂ ಸಪ್ಪೆಯಾಗುತ್ತದೆ.

ಕೈತಪ್ಪಿದ ಒಂದು ಇಮೇಲ್

ಜುಲೈನಲ್ಲಿ ಒಂದು ಇಮೇಲ್ ಹೊರಬಿತ್ತು. ಬರೆದವರು ರಾಷ್ಟ್ರೀಯ ಮಂಡಳಿಯ ಸದಸ್ಯ ಮೈಕಲ್ ಪಾಮರ್. ಹ್ಯೂಸ್ಟನ್‌ನಲ್ಲಿ ಆಸ್ತಿ ವ್ಯವಹಾರ ಮಾಡುವವರು. ಹೋಗಬೇಕಿದ್ದದ್ದು ಬೆರಿ ಅವರಿಗೆ. ಹೋದದ್ದು ಸ್ಯಾನ್ ಫ್ರಾನ್ಸಿಸ್ಕೋದ ಮೀಡಿಯಾ ಅಲಯನ್ಸ್ ಅನ್ನುವ ಮಾಧ್ಯಮದವರ ಸಂಘಟನೆಗೆ. ಅದರಲ್ಲಿ ಇದ್ದದ್ದು ಕೆಪಿಎಫ್‌ಎಯನ್ನೋ ಡಬ್ಲ್ಯುಬಿಎಐಯನ್ನೋ ಮಾರುವ ಮಾತು. ಕೊಲ್ಲಿ ಪ್ರದೇಶದ ಒಂದು ಎಫ್‌ಎಂ ಪರವಾನಗಿ ಅಂದರೆ ಆಗ ಕೋಟಿಗಟ್ಟಲೆ ಡಾಲರ್.

ಸ್ವಲ್ಪ ನಿಂತು ಯೋಚಿಸಿ. ಐವತ್ತು ವರ್ಷ ಹತ್ತು, ಇಪ್ಪತ್ತು ಡಾಲರ್ ಕೊಟ್ಟು ನಿಲಯ ಉಳಿಸಿದವರು ಇದನ್ನು ಓದಿದಾಗ ಏನನ್ನಿಸಿರಬೇಕು? ಊರವರು ವಂತಿಗೆ ಹಾಕಿ ಕಟ್ಟಿದ ಶಾಲೆಯನ್ನು ಟ್ರಸ್ಟಿನವರು ಸದ್ದಿಲ್ಲದೆ ಮಾರಲು ಹೊರಟ ಹಾಗೆ. ಮಂಡಳಿ ಮಾರುವ ತೀರ್ಮಾನ ಮಾಡಿರಲಿಲ್ಲ, ಅದು ಒಬ್ಬ ಸದಸ್ಯರ ಅಭಿಪ್ರಾಯ ಅಷ್ಟೇ ಅನ್ನುವುದು ನಿಜ. ಆದರೆ ಬಾಯಿ ಮುಚ್ಚಿಸಿದ ಮನೆಯಲ್ಲಿ ಯಾವ ಗಾಳಿಮಾತೂ ನಿಜವೇ ಅನ್ನಿಸುತ್ತದೆ. ಇಲ್ಲಂತೂ ಕೈಯಲ್ಲಿ ಕಾಗದವೇ ಇತ್ತು.

ಮೀಡಿಯಾ ಅಲಯನ್ಸ್ ಪತ್ರಿಕಾಗೋಷ್ಠಿ ಕರೆದು ಅದನ್ನು ಓದಿತು. ಬರ್ನ್‌ಸ್ಟೀನ್ ಆ ಗೋಷ್ಠಿಯ ಧ್ವನಿಮುದ್ರಣವನ್ನು ಜುಲೈ 13ರ ಸಂಜೆ ತಮ್ಮ ಕಾರ್ಯಕ್ರಮದಲ್ಲಿ ಹಾಕಿದರು. ಬೇರೆ ಯಾವುದೇ ಕಂಪನಿಯ ಇಂಥ ಪತ್ರ ಸಿಕ್ಕಿದ್ದರೆ ಅವರು ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ? ಕಾರ್ಯಕ್ರಮ ಮುಗಿದ ಕೂಡಲೇ ಅವರಿಗೆ ರಜೆ ಮೇಲೆ ಹೋಗಿ ಅಂದರು. ಆಮೇಲೆ ಆದದ್ದನ್ನು ಮೊದಲೇ ಹೇಳಿದೆ.

ಬೀದಿಯ 23 ದಿನ

ಕಟ್ಟಡದ ಮುಂದೆ ಡೇರೆಗಳು ಎದ್ದವು. 'ಕ್ಯಾಂಪ್ ಕೆಪಿಎಫ್‌ಎ' ಅಂತ ಹೆಸರಾಯಿತು. ಒಳಗಿನಿಂದ ಹಳೆ ಟೇಪು ಗಾಳಿಗೆ ಹೋಗುತ್ತಿತ್ತು, ಹೊರಗೆ ನಿಜವಾದ ಕೆಪಿಎಫ್‌ಎ ನಡೆಯುತ್ತಿತ್ತು. ಹೆಸರಾಂತ ಗಾಯಕಿ ಜೋನ್ ಬೇಯಸ್ ಬರ್ಕ್ಲಿಯಲ್ಲಿ ಹಾಡಿ ದುಡ್ಡು ಎತ್ತಿಕೊಟ್ಟರು. ಜುಲೈ 31ಕ್ಕೆ ಮೆರವಣಿಗೆ. ಸುಮಾರು ಹತ್ತು ಸಾವಿರ ಜನ. ಒಂದು ರೇಡಿಯೋ ನಿಲಯಕ್ಕಾಗಿ ಹತ್ತು ಸಾವಿರ! ಕೇಳುಗರು ಕಡಿಮೆ ಅನ್ನುತ್ತಿದ್ದ ಮಂಡಳಿಗೆ ಲೆಕ್ಕದ ಇನ್ನೊಂದು ಬಗೆ ಅಲ್ಲಿ ಕಾಣಿಸಿರಬೇಕು. ಎಷ್ಟು ಜನ ಕೇಳುತ್ತಾರೆ ಅನ್ನುವುದು ಒಂದು. ಕೇಳುವವರಲ್ಲಿ ಎಷ್ಟು ಜನ ನಿನಗಾಗಿ ಬಿಸಿಲಲ್ಲಿ ನಡೆಯುತ್ತಾರೆ ಅನ್ನುವುದು ಇನ್ನೊಂದು.

ಆಗಸ್ಟ್ 5ಕ್ಕೆ ಕೆಲಸಗಾರರು ಒಳಗೆ ಹೋದರು.

ಆದರೆ ಮಂಡಳಿ ಬದಲಾಗಿರಲಿಲ್ಲ. ಜಗಳ ನ್ಯೂಯಾರ್ಕ್‌ಗೆ ಹೋಯಿತು. ಅಲ್ಲಿನ ಡಬ್ಲ್ಯುಬಿಎಐನಲ್ಲಿ ಏಮಿ ಗುಡ್‌ಮನ್ ಇದ್ದರು. 1991ರಲ್ಲಿ ಪೂರ್ವ ಟಿಮೋರ್‌ನ ದಿಲಿಯಲ್ಲಿ ಇಂಡೊನೇಷ್ಯಾ ಸೈನಿಕರು ಶವಯಾತ್ರೆಯ ಜನರ ಮೇಲೆ ಗುಂಡು ಹಾರಿಸಿದಾಗ ಅಲ್ಲೇ ಇದ್ದು, ಏಟು ತಿಂದು ಬದುಕಿ ಬಂದವರು. 1996ರಲ್ಲಿ ಪೆಸಿಫಿಕಾ ಅಧ್ಯಕ್ಷೀಯ ಚುನಾವಣೆಯ ಸುದ್ದಿಗೆ ಅಂತಲೇ 'ಡೆಮಾಕ್ರಸಿ ನೌ!' ಶುರು ಮಾಡಿತು. ಚುನಾವಣೆ ಮುಗಿದರೂ ಅದು ಮುಗಿಯಲಿಲ್ಲ. 2000ದ ಮತದಾನದ ದಿನ ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್ ನಿಲಯಗಳಿಗೆ ಫೋನ್ ಮಾಡಿ 'ಮತ ಹಾಕಿ' ಅಂತ ಹೇಳುತ್ತಿದ್ದರು. ಎರಡು ನಿಮಿಷದ ಮಾತು ಅಂದುಕೊಂಡು ಡಬ್ಲ್ಯುಬಿಎಐಗೂ ಮಾಡಿದರು. ಗುಡ್‌ಮನ್ ಇರಾಕ್ ಮೇಲಿನ ದಿಗ್ಬಂಧನದ ಬಗ್ಗೆ ಕೇಳಿದರು, ಮರಣದಂಡನೆ ಬಗ್ಗೆ ಕೇಳಿದರು, ಎರಡು ಪಕ್ಷಕ್ಕೂ ದೊಡ್ಡ ಕಂಪನಿಗಳ ದುಡ್ಡೇ ಅಲ್ಲವೇ ಅಂತ ಕೇಳಿದರು. ಅರ್ಧ ಗಂಟೆ ಹತ್ತಿರ ನಡೆಯಿತು. ಕ್ಲಿಂಟನ್‌ಗೆ ಸಿಟ್ಟು ಬಂತು, ಆದರೂ ಫೋನ್ ಇಡಲಿಲ್ಲ. ಯಾವ ಜಾಹೀರಾತುದಾರರ ಮುಖವನ್ನೂ ನೋಡಬೇಕಾಗಿಲ್ಲದವರು ಮಾತ್ರ ಹೀಗೆ ಕೇಳಬಲ್ಲರು.

ಅದಾಗಿ ಒಂದೂವರೆ ತಿಂಗಳಿಗೆ, ಕ್ರಿಸ್‌ಮಸ್ ಮುಂಚೆ ಒಂದು ರಾತ್ರಿ, ಪೆಸಿಫಿಕಾದವರು ಡಬ್ಲ್ಯುಬಿಎಐ ಬಾಗಿಲಿನ ಬೀಗ ಬದಲಿಸಿದರು. ಮ್ಯಾನೇಜರ್ ಔಟ್. ಕೆಲವರಿಗೆ ಪ್ರವೇಶ ಇಲ್ಲ. ಬರ್ಕ್ಲಿಯಲ್ಲಿ ಸುಟ್ಟ ಕೈಯನ್ನು ಮತ್ತೆ ಅದೇ ಬೆಂಕಿಗೆ ಚಾಚಿದ ಹಾಗೆ. 2001ರ ಆಗಸ್ಟ್‌ನಲ್ಲಿ ಗುಡ್‌ಮನ್ ತಂಡ ಆ ನಿಲಯ ಬಿಟ್ಟು ಹಳೆಯ ಅಗ್ನಿಶಾಮಕ ಠಾಣೆಯ ಕಟ್ಟಡ ಒಂದಕ್ಕೆ ಹೋಯಿತು. ಸೆಪ್ಟೆಂಬರ್ 11ರಂದು ಅವಳಿ ಗೋಪುರ ಬಿದ್ದಾಗ ಅವರು ಅಲ್ಲಿಂದ ಕೂಗಳತೆಯಲ್ಲಿ ಕೂತು ಪ್ರಸಾರ ಮಾಡುತ್ತಿದ್ದರು. ಅಮೆರಿಕ ಯುದ್ಧಕ್ಕೆ ಹೊರಟ ಆ ವಾರಗಳಲ್ಲಿ ಯುದ್ಧ ಬೇಡ ಅನ್ನುವ ಆ ದನಿ ತನ್ನ ತವರುಮನೆಯ ಹಲವು ನಿಲಯಗಳಲ್ಲೇ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟ ಆಗುತ್ತದೆ.

ಕೇಳುಗರು, ಸ್ಥಳೀಯ ಮಂಡಳಿಯವರು, ಕೆಲವು ನಿರ್ದೇಶಕರೇ ಕೋರ್ಟಿಗೆ ಹೋಗಿದ್ದರು. 2001ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. ಹಳೆ ಮಂಡಳಿ ಇಳಿಯಿತು.

ಗೆದ್ದ ಮೇಲೆ

2003ರಲ್ಲಿ ಹೊಸ ನಿಯಮಾವಳಿ ಬಂತು. ವರ್ಷಕ್ಕೆ 25 ಡಾಲರ್ ಕೊಟ್ಟವರು ಅಥವಾ ಮೂರು ಗಂಟೆ ಸ್ವಯಂಸೇವೆ ಮಾಡಿದವರು ಸದಸ್ಯರು. ದುಡ್ಡಿಲ್ಲದವರಿಗೂ ಮತ ಸಿಗಲಿ ಅಂತ ಆ ಮೂರು ಗಂಟೆ. ನನಗೆ ಬಹಳ ಹಿಡಿಸಿದ ನಿಯಮ ಇದು. ಒಂದೊಂದು ನಿಲಯಕ್ಕೂ 24 ಜನರ ಮಂಡಳಿ. 18 ಜನರನ್ನು ಕೇಳುಗರು ಆರಿಸುತ್ತಾರೆ, 6 ಜನರನ್ನು ಕೆಲಸಗಾರರು. ಆ ಮಂಡಳಿಗಳಿಂದ ರಾಷ್ಟ್ರೀಯ ಮಂಡಳಿ.

ಇಲ್ಲಿಗೆ ಕಥೆ ಸುಖಾಂತ್ಯ ಅನ್ನಬೇಕು ಅಂತ ನನಗೂ ಆಸೆ. ಆದರೆ ಐದು ನಗರಗಳಲ್ಲಿ ಚುನಾವಣೆ ನಡೆಸುವುದು ಅಂದರೆ ಖರ್ಚು. ಬಣಗಳಾದವು. ಒಂದು ಬಣ ಮಾಡಿದ್ದನ್ನು ಇನ್ನೊಂದು ಬಣ ಕೆಡವಿತು. ಕೇಳುಗರ ವಂತಿಗೆ ಇಳಿಯಿತು, ಸಾಲ ಏರಿತು. ಡಬ್ಲ್ಯುಬಿಎಐ ತನ್ನ ಆಂಟೆನಾವನ್ನು ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಇಟ್ಟಿತ್ತು. ಅದರ ಬಾಡಿಗೆ ಕಟ್ಟಲಾಗದೆ 2017ರಲ್ಲಿ ಕೋರ್ಟಿನಲ್ಲಿ ಸೋತಿತು. 2019ರ ಅಕ್ಟೋಬರ್ 7ಕ್ಕೆ ಪೆಸಿಫಿಕಾದ ಆಡಳಿತ ಇದ್ದಕ್ಕಿದ್ದ ಹಾಗೆ ಬಂದು ನಿಲಯದ ಸ್ಥಳೀಯ ಪ್ರಸಾರ ನಿಲ್ಲಿಸಿತು, ಕೆಲಸಗಾರರನ್ನು ಮನೆಗೆ ಕಳಿಸಿತು, ಬೇರೆ ಕಡೆಯ ಕಾರ್ಯಕ್ರಮ ಹಾಕಿತು. ಮತ್ತೆ ಕೋರ್ಟು. ಒಂದು ತಿಂಗಳ ಮೇಲೆ ಸ್ಥಳೀಯರಿಗೆ ಮೈಕ್ ವಾಪಸು ಸಿಕ್ಕಿತು. ಇಪ್ಪತ್ತು ವರ್ಷದ ಮೇಲೆ, ಕೇಳುಗರ ಮತದಿಂದ ಬಂದ ಮಂಡಳಿ ಇದ್ದರೂ, ಅದೇ ಬೀಗ.

ಹಾಗಾದರೆ ಚುನಾವಣೆ ತಪ್ಪಾ? ಅಲ್ಲ ಅಂತ ನನ್ನ ನಂಬಿಕೆ. 1999ರಲ್ಲಿ ಜನ ಬೀದಿಗೆ ಬಂದದ್ದು ಮಾತಾಡುವ ಹಕ್ಕಿಗೆ, ಲೆಕ್ಕ ತಿಳಿಯುವ ಹಕ್ಕಿಗೆ. ಸಿಕ್ಕಿದ್ದು ಮತ ಹಾಕುವ ಹಕ್ಕು. ಎರಡೂ ಒಂದೇ ಅಲ್ಲ. ಮತಪೆಟ್ಟಿಗೆ ಬಂದ ಮೇಲೆ, ಮನೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಮೈಕ್ ಮುಂದೆ ಇಟ್ಟು, ಇಷ್ಟು ಬಂತು, ಇಷ್ಟು ಹೋಯಿತು, ಬಾಡಿಗೆ ಇಷ್ಟು ಬಾಕಿ ಅಂತ ಹೇಳುವ ಅಭ್ಯಾಸವನ್ನು ಗಟ್ಟಿಯಾಗಿ ಬೆಳೆಸಿದ್ದರೆ ಸಾಲ ಅಷ್ಟು ಏರುವ ಮೊದಲೇ ಕೇಳುಗರು ಎಚ್ಚರವಾಗುತ್ತಿದ್ದರು.

ನಮ್ಮ ಕಡೆಯಿಂದ ನೋಡಿದರೆ ಈ ಜಗಳವೂ ಒಂದು ಭಾಗ್ಯವೇ. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದು ಮೈಸೂರಿನಲ್ಲಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು, ಕೈಯಿಂದ ಖರ್ಚು ಹಾಕಿ ಶುರು ಮಾಡಿದ ನಿಲಯ. ಹಿಲ್ ಅವರಿಗಿಂತ ಹದಿನಾಲ್ಕು ವರ್ಷ ಮೊದಲು. ಆಮೇಲೆ ಅದು ಸರ್ಕಾರದ ಕೈಗೆ ಹೋಯಿತು. ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೂ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಕಟ್ಟಿದವರಿಗೆ ಪರವಾನಗಿ ಸಿಗುವ ದಾರಿ ಇರಲಿಲ್ಲ. ಗಾಳಿಯಲ್ಲಿ ಬಿಡಬೇಕಾದ ದನಿಯನ್ನು ಕೇಬಲ್ ಎಳೆದು ಮನೆಗಳಿಗೆ ಮುಟ್ಟಿಸಿದರು. 2006ರಲ್ಲಿ ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ಬಾಗಿಲು ತೆರೆಯಿತು. ಆದರೆ ಒಂದು ಷರತ್ತು: ಸ್ವಂತ ಸುದ್ದಿ ಮಾಡುವ ಹಾಗಿಲ್ಲ, ರಾಜಕೀಯದ ಚರ್ಚೆ ಇಲ್ಲ. ಬೆಳೆಗೆ ಯಾವ ಗೊಬ್ಬರ ಅಂತ ಹೇಳಬಹುದು, ಗೊಬ್ಬರದ ಬೆಲೆ ಯಾಕೆ ಏರಿತು ಅಂತ ಕೇಳಲು ಹೊರಟರೆ ಅಲ್ಲೇ ತೊಡಕು. ಬರ್ನ್‌ಸ್ಟೀನ್ ಅವರ ಬಾಯಿ ಮುಚ್ಚಿಸಲು ಕಾವಲಿನವರು ಬೇಕಾಯಿತು. ನಮ್ಮಲ್ಲಿ ಆ ಕೆಲಸವನ್ನು ಪರವಾನಗಿಯ ಕಾಗದವೇ ಮಾಡುತ್ತದೆ.

ಕೆಪಿಎಫ್‌ಎ ಆಮೇಲೂ ಅದೇ ಬೀದಿಯ ಅದೇ ಕಟ್ಟಡದಿಂದಲೇ ಮಾತಾಡುತ್ತ ಬಂತು. ವರ್ಷಕ್ಕೆ ಕೆಲವು ಸಲ ಮಾಮೂಲಿ ಕಾರ್ಯಕ್ರಮ ತಡೆದು ವಂತಿಗೆ ಕೇಳುತ್ತಾರೆ, ಫೋನ್ ನಂಬರ್ ಮತ್ತೆ ಮತ್ತೆ ಹೇಳುತ್ತಾರೆ. ವಾರದ ದಿನ ಸಂಜೆ ಐದಕ್ಕೆ ಫ್ಲ್ಯಾಶ್‌ಪಾಯಿಂಟ್ಸ್. ಆರಕ್ಕೆ ಸುದ್ದಿ.